ಎ.ಸಿ.ಗೆ ಯಾವ ವೈರು? ಡಿಬಿಯಿಂದ ಹೊರ ಯೂನಿಟ್‌ವರೆಗೆ

ಮೂರು ಬೇಸಿಗೆಗಳ ಹಿಂದೆ ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಮಹಡಿ ಕೋಣೆಗೆ ಒಂದೂವರೆ ಟನ್ನಿನ ಸ್ಪ್ಲಿಟ್ ಎ.ಸಿ. ಹಾಕಿಸಿದಾಗ, ಅಳವಡಿಸಲು ಬಂದವರು ಪಕ್ಕದ ಬಚ್ಚಲುಮನೆಯ ಗೀಸರ್ ಲೈನಿನಿಂದಲೇ ಕರೆಂಟು ಎಳೆದುಕೊಟ್ಟು ಹೋಗಿದ್ದರು. ತಿಂಗಳೊಳಗೆ ಒಂದು ರಾತ್ರಿ ಕೋಣೆಯಲ್ಲಿ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ಮೇನ್ ಸ್ವಿಚ್ ಆಫ್ ಮಾಡಿ, ಬೆಳಿಗ್ಗೆ ಪರಿಚಯದ ಎಲೆಕ್ಟ್ರೀಷಿಯನ್ ಬಂದು ಬೋರ್ಡು ಬಿಚ್ಚಿದಾಗ, ಎರಡು ವೈರುಗಳನ್ನು ತಿರುಚಿ ಟೇಪು ಸುತ್ತಿದ್ದ ಜಾಗದಲ್ಲಿ ಟೇಪು ಕರಗಿ ಅಂಟಾಗಿತ್ತು, ತಾಮ್ರ ಕಪ್ಪಗಾಗಿತ್ತು, ವೈರಿನ ಹೊದಿಕೆ ಬೆರಳು ತಾಗಿದರೆ ಸುಟ್ಟ ಹಪ್ಪಳದಂತೆ ಪುಡಿಯಾಗುತ್ತಿತ್ತು. ಇಷ್ಟಾದರೂ ಎಂಸಿಬಿ, ಅಂದರೆ ಕರೆಂಟು ಮಿತಿಮೀರಿದರೆ ತಾನಾಗಿ ಲೈನು ಕಡಿಯುವ ಸ್ವಿಚ್ಚು, ಟ್ರಿಪ್ ಆಗಿರಲಿಲ್ಲ.

ಅದು ಎಂಸಿಬಿಯ ದೋಷವಲ್ಲ. ಎಷ್ಟು ಕರೆಂಟು ಹರಿಯುತ್ತಿದೆ ಎಂಬುದನ್ನಷ್ಟೇ ಎಂಸಿಬಿ ಗಮನಿಸುತ್ತದೆ. ಸಡಿಲವಾದ ಜಾಯಿಂಟಿನಲ್ಲಿ ಕರೆಂಟು ಹೆಚ್ಚುವುದಿಲ್ಲ, ರೋಧ ಹೆಚ್ಚುತ್ತದೆ. ಅಲ್ಲಿ ಅರ್ಧ ಓಮ್ ರೋಧವಿದ್ದು 8 ಆಂಪಿಯರ್ ಹರಿದರೆ, ಬೆರಳ ತುದಿಯಷ್ಟು ಜಾಗದಲ್ಲಿ 32 ವ್ಯಾಟ್ ಶಾಖ ಹುಟ್ಟುತ್ತದೆ. ರೇಡಿಯೊ ರಿಪೇರಿಗೆ ಬಳಸುವ 25 ವ್ಯಾಟಿನ ಸೋಲ್ಡರಿಂಗ್ ಐರನ್‌ಗಿಂತ ಇದು ಹೆಚ್ಚು. ಗೀಸರಿನಂತೆ ಕಾಲು ಗಂಟೆಯಲ್ಲಿ ಎ.ಸಿ.ಯ ಕೆಲಸ ಮುಗಿಯುವುದಿಲ್ಲ, ರಾತ್ರಿಯಿಡೀ ಓಡುತ್ತದೆ. ಆದ್ದರಿಂದ ಮೊದಲ ತೀರ್ಮಾನ ಇದಾಗಿರಬೇಕು: ಡಿಬಿಯಿಂದ (ಮನೆಯ ಲೈನುಗಳೆಲ್ಲ ಕವಲೊಡೆಯುವ, ಎಂಸಿಬಿಗಳಿರುವ ಪೆಟ್ಟಿಗೆಯಿಂದ) ಎ.ಸಿ.ಯವರೆಗೆ ಅದಕ್ಕೆಂದೇ ಪ್ರತ್ಯೇಕವಾದ, ನಡುವೆ ಎಲ್ಲಿಯೂ ಜಾಯಿಂಟ್ ಇಲ್ಲದ ಒಂದು ಲೈನು.

ಅಂಗಡಿಗೆ ಹೋಗುವ ಮುನ್ನ ಲೋಡ್ ತಿಳಿದುಕೊಳ್ಳಿ. ನಕ್ಷತ್ರಗಳಿರುವ ಲೇಬಲ್ಲಿನಿಂದ ವೈರು ಆರಿಸಲಾಗದು, ಅದು ಹೇಳುವುದು ವರ್ಷದ ಯೂನಿಟ್ ಲೆಕ್ಕವನ್ನು. ಯಂತ್ರಕ್ಕೆ ಅಂಟಿಸಿರುವ ಪಟ್ಟಿಯಲ್ಲಿ ಗರಿಷ್ಠ ಕರೆಂಟು ಎಷ್ಟು ಆಂಪಿಯರ್ ಎಂದು ಬರೆದಿರುತ್ತದೆ. ಕಂಪ್ರೆಸರಿನ ವೇಗವನ್ನು ಬೇಕಾದಂತೆ ಏರಿಳಿಸಿಕೊಳ್ಳುವ ಇನ್ವರ್ಟರ್ ಮಾದರಿಗಳಲ್ಲಿ ಸಾಮಾನ್ಯ ಅಂಕಿಗಿಂತ ಗರಿಷ್ಠ ಅಂಕಿ ಸಾಕಷ್ಟು ಹೆಚ್ಚಿರುವುದರಿಂದ ಅದನ್ನೇ ಆಧಾರವಾಗಿಟ್ಟುಕೊಳ್ಳಬೇಕು. ಒಂದೂವರೆ ಟನ್ನಿನ ಯಂತ್ರ ಪೂರ್ಣ ವೇಗದಲ್ಲಿ ಸುಮಾರು 1.5ರಿಂದ 1.8 ಕಿಲೋವ್ಯಾಟ್, ಅಂದರೆ 230 ವೋಲ್ಟಿನಲ್ಲಿ 7ರಿಂದ 9 ಆಂಪಿಯರ್ ಎಳೆಯುತ್ತದೆ. ಜೊತೆಗೆ ನಿಮ್ಮ ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ. ಮೈಸೂರಿನಲ್ಲಾಗಲಿ ಮಂಡ್ಯದಲ್ಲಾಗಲಿ ಹಳೆಯ ಮನೆಗೆ 2 ಕಿಲೋವ್ಯಾಟ್ ಮಾತ್ರ ಮಂಜೂರಾಗಿದ್ದು, 2 ಕಿಲೋವ್ಯಾಟಿನ ಗೀಸರ್ ಇರುವಲ್ಲಿಗೆ ಎ.ಸಿ.ಯೂ ಸೇರುವುದಾದರೆ, ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಕಚೇರಿಯಲ್ಲಿ ಲೋಡ್ ಹೆಚ್ಚಿಸಲು ಅರ್ಜಿ ಕೊಡಬೇಕು.

ಇನ್ನು ವೈರು. ಒಂದೂವರೆ ಟನ್‌ವರೆಗಿನ ಎ.ಸಿ.ಗೆ ಕನಿಷ್ಠ 2.5 ಚದರ ಮಿಲಿಮೀಟರ್ ತಾಮ್ರದ ವೈರು ಬೇಕು. ಎರಡು ಟನ್ನಿಗೆ, ಅಥವಾ ಡಿಬಿ ದೂರವಿದ್ದು ವೈರು ಬಿಸಿಲು ಕಾಯುವ ತಾರಸಿಯಲ್ಲಿ ಹಾದುಬರುವುದಾದರೆ, 4 ಚದರ ಮಿಲಿಮೀಟರ್ ಹಾಕಿಸುವುದು ಒಳ್ಳೆಯದು. ಸುತ್ತಲಿನ ಶಾಖ ಹೆಚ್ಚಿದಷ್ಟೂ ವೈರು ಸುರಕ್ಷಿತವಾಗಿ ಹೊರಬಲ್ಲ ಕರೆಂಟು ಕಡಿಮೆಯಾಗುತ್ತದೆ. 20 ಮೀಟರ್ ದೂರಕ್ಕೆ ದೀಪದ ಲೈನಿನ 1 ಚದರ ಮಿಲಿಮೀಟರ್ ವೈರನ್ನೇ ಬಳಸಿ 9 ಆಂಪಿಯರ್ ಹರಿಸಿದರೆ, ಹೋಗಿಬರುವ ದಾರಿಯಲ್ಲಿ ಸುಮಾರು 7 ವೋಲ್ಟ್ ನಷ್ಟವಾಗಿ, 60 ವ್ಯಾಟಿಗೂ ಮಿಕ್ಕ ಶಾಖ ಗೋಡೆಯೊಳಗೇ ಹುಟ್ಟುತ್ತದೆ. 2.5ರ ವೈರಿನಲ್ಲಿ ಆ ನಷ್ಟ 3 ವೋಲ್ಟಿನೊಳಗೇ ಇರುತ್ತದೆ. ವೈರಿನ ಮೇಲೆ ಐಎಸ್‌ಐ ಗುರುತು ಮತ್ತು ಐಎಸ್ 694 ಎಂಬ ಸಂಖ್ಯೆ ಇರಬೇಕು. ಬೆಂಕಿ ಹಬ್ಬುವುದನ್ನು ತಡೆಯುವ ಎಫ್‌ಆರ್ ಅಥವಾ ಹೊಗೆಯೂ ಕಡಿಮೆಯಿರುವ ಎಫ್‌ಆರ್‌ಎಲ್‌ಎಸ್ ಹೊದಿಕೆಗೆ ಸ್ವಲ್ಪ ಹೆಚ್ಚು ಹಣ ಕೊಡಲು ಹಿಂಜರಿಯಬೇಡಿ. ಹಳೆಯ ಮನೆಗಳಲ್ಲಿ ಅಲ್ಯೂಮಿನಿಯಂ ವೈರು ಇನ್ನೂ ಉಳಿದಿರುತ್ತದೆ. ಅದಕ್ಕೆ ತಾಮ್ರವನ್ನು ತಿರುಚಿ ಸೇರಿಸಿದರೆ ತೇವ ತಗುಲಿ ಸವೆದು, ಕೂಡಿದ ಜಾಗ ಬೇಗ ಸಡಿಲವಾಗುತ್ತದೆ.

ಎಂಸಿಬಿ ರಕ್ಷಿಸುವುದು ವೈರನ್ನು ಎಂಬುದನ್ನು ಮರೆಯಬಾರದು. 2.5ರ ವೈರಿಗೆ 16 ಆಂಪಿಯರ್, 4ರ ವೈರಿಗೆ 20 ಆಂಪಿಯರ್ ಸಾಮಾನ್ಯವಾಗಿ ಸರಿಹೊಂದುತ್ತದೆ. ಕಂಪನಿಯ ಕೈಪಿಡಿ ಬೇರೆ ಅಳತೆ ಹೇಳಿದ್ದರೆ ಅದನ್ನೇ ಪಾಲಿಸಿ. ಇನ್ವರ್ಟರ್ ಅಲ್ಲದ ಯಂತ್ರದ ಕಂಪ್ರೆಸರ್ ಆರಂಭದ ಕ್ಷಣದಲ್ಲಿ ಹಲವು ಪಟ್ಟು ಕರೆಂಟು ಎಳೆಯುವುದರಿಂದ ‘ಸಿ’ ವರ್ಗದ ಎಂಸಿಬಿಯನ್ನೇ ಕೇಳಿ. ಪದೇ ಪದೇ ಟ್ರಿಪ್ ಆಗುತ್ತಿದೆಯೆಂದು ಅದನ್ನು ತೆಗೆಸಿ 32 ಆಂಪಿಯರಿನದನ್ನು ಹಾಕಿಸುವುದು ಅತ್ಯಂತ ಅಪಾಯಕಾರಿ, ಏಕೆಂದರೆ ಆಮೇಲೆ ವೈರು ಸುಟ್ಟರೂ ಎಂಸಿಬಿ ಬೀಳುವುದಿಲ್ಲ.

ಅರ್ಥಿಂಗ್ ಇಲ್ಲದ ಲೈನಿಗೆ ಎ.ಸಿ. ಜೋಡಿಸಲು ಒಪ್ಪಲೇಬೇಡಿ. ಹೊರ ಯೂನಿಟ್ಟಿನ ಮೈ ಲೋಹದ್ದು, ಮಳೆಯಲ್ಲಿ ನೆನೆಯುವಂಥದ್ದು. ಹಸಿರು ವೈರು ಸಾಕೆಟ್ಟಿನವರೆಗೆ ಬಂದಿದ್ದರೂ ಆ ತುದಿಯಲ್ಲಿ ಭೂಮಿಗೆ ಸೇರಿದೆಯೇ ಎಂದು ಮೀಟರಿನಿಂದ ಪರೀಕ್ಷೆ ಮಾಡಿಸಿ. ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿದರೆ ಅದರ ಕೆಲಸ ಕುಂದುತ್ತದೆ, ಆಗಾಗ ನೀರು ಹುಯ್ಯಬೇಕು. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಎಂಬ ಸೋರಿಕೆ ಗುರುತಿಸುವ ಸ್ವಿಚ್ಚು ಇದ್ದರೆ ಕರೆಂಟು ಸೋರಿದ ಕೂಡಲೇ ಕಡಿತವಾಗುತ್ತದೆ. ಅದು ಅರ್ಥಿಂಗಿಗೆ ಬದಲಿ ಅಲ್ಲ, ಎರಡೂ ಬೇಕು.

ಒಳ ಮತ್ತು ಹೊರ ಯೂನಿಟ್‌ಗಳ ನಡುವಿನ ಕೇಬಲ್ಲು ಕೈಪಿಡಿಯಲ್ಲಿ ಹೇಳಿದ ಅಳತೆಯದೇ, ಒಂದೇ ತುಂಡಿನದೇ ಆಗಿರಲಿ. ಬಿಸಿಲಿಗೆ ಬೀಳುವ ಭಾಗವನ್ನು ಪೈಪಿನೊಳಗೆ ಹಾಯಿಸಬೇಕು, ಗೋಡೆಯ ತೂತು ಹೊರಕ್ಕೆ ತುಸು ಇಳಿಜಾರಾಗಿರಬೇಕು. ಇಲ್ಲವಾದರೆ ಮಳೆನೀರು ಕೇಬಲ್ಲಿನ ಗುಂಟ ಒಳಗೆ ಬರುತ್ತದೆ.

ಈ ಕೆಲಸವನ್ನು ಲೈಸೆನ್ಸ್ ಇರುವ ವಿದ್ಯುತ್ ಗುತ್ತಿಗೆದಾರರ ಕೈಯಲ್ಲೇ ಮಾಡಿಸಿ, ಆದರೆ ವೈರು ಎಳೆಯುವಾಗ ಪಕ್ಕದಲ್ಲೇ ಇರಿ. ಎ.ಸಿ. ಒಂದು ಗಂಟೆ ಪೂರ್ಣ ವೇಗದಲ್ಲಿ ಓಡಿದ ಮೇಲೆ ಸಾಕೆಟ್ಟಿನ ಮುಚ್ಚಳಕ್ಕೆ ಹಿಂಗೈ ತಾಗಿಸಿ ನೋಡಿ. ಉಗುರು ಬೆಚ್ಚಗಿದ್ದರೆ ಚಿಂತೆಯಿಲ್ಲ. ಕೈ ಇಡಲಾಗದಷ್ಟು ಕಾದಿದ್ದರೆ ಮೇನ್ ಆಫ್ ಮಾಡಿಸಿ, ಸ್ಕ್ರೂಗಳನ್ನು ಅವರು ಹೊರಡುವ ಮುನ್ನವೇ ಬಿಗಿ ಮಾಡಿಸಿ. ವೈರಿನ ಅಳತೆ, ಹಾಕಿಸಿದ ದಿನಾಂಕ, ಗೋಡೆಯಲ್ಲಿ ವೈರು ಹಾದುಹೋಗಿರುವ ದಾರಿ ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದು ಡಿಬಿ ಬಾಗಿಲಿನ ಒಳಮೈಗೆ ಅಂಟಿಸಿಡಿ; ಮುಂದೆ ಆ ಗೋಡೆಗೆ ಮೊಳೆ ಹೊಡೆಯುವವರು ಮೊದಲು ಅದನ್ನು ನೋಡಲಿ.