ಬಯಲಿನಲ್ಲಿ ಚಿಗರಿಯ ಹತ್ತಿರ ಹೋಗುವುದು ಹೇಗೆ?

ಸೊಲ್ಲಾಪುರದಿಂದ ಸುಮಾರು 20 ಕಿ.ಮೀ. ದೂರದ ನಾನ್ನಜ ಅಭಯಾರಣ್ಯದ ಸುತ್ತಲಿನ ಬಯಲಿಗೆ ಚಳಿಗಾಲದಲ್ಲಿ ಕ್ಯಾಮೆರಾ ಹೊತ್ತು ಬರುವವರಿಗೆ ಕೊರತೆಯಿಲ್ಲ. ಮನೆಗೆ ಹೋಗಿ ನೋಡಿದರೆ ಕಾರ್ಡಿನ ತುಂಬ ಚಿಗರಿಯ, ಅಂದರೆ ಕೃಷ್ಣಮೃಗದ, ಬಾಲಗಳೇ: ಓಡುವ ಹಿಂಡಿನ ಬೆನ್ನು, ಮೇಲೊಂದಿಷ್ಟು ಧೂಳು. ಲೆನ್ಸು ಸಾಲದಾಯಿತೆಂದು ಇನ್ನೊಂದು ಲಕ್ಷ ಸುರಿಯುವವರೂ ಇದ್ದಾರೆ. ಕೆಟ್ಟಿರುವುದು ಲೆನ್ಸಲ್ಲ, ಕೊನೆಯ ನೂರೈವತ್ತು ಮೀಟರ್ ನಡೆದ ರೀತಿ.

ಬಿಲ್ಲು ಹಿಡಿದು ಬಯಲಿಗಿಳಿಯುತ್ತಿದ್ದವನು 25–30 ಮೀಟರಿನೊಳಗೆ ಹೋಗದೆ ಬಾಣ ಬಿಡುವಂತಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಮಾತು ಮುಗಿಯಿತು. ನಮ್ಮ ಚಿಗರಿ ಅದರ ಮೊದಲ ಪರಿಶಿಷ್ಟದಲ್ಲಿದೆ. ಕ್ಯಾಮೆರಾದವರಿಗೆ 60 ಮೀಟರ್ ಧಾರಾಳ. ಎಪಿಎಸ್‌-ಸಿ ಎಂಬ ಚಿಕ್ಕ ಅಳತೆಯ ಸೆನ್ಸರಿನ ಕ್ಯಾಮೆರಾಗೆ 500 ಎಂ.ಎಂ. ಲೆನ್ಸ್ ಹಾಕಿದರೆ ಆ ದೂರದಲ್ಲಿ ಚೌಕಟ್ಟಿನ ಅಗಲ 2.8 ಮೀಟರ್. ಚಿಗರಿಯ ಮೈ ಉದ್ದ 1.2 ಮೀಟರಿನ ಆಸುಪಾಸು, ಹಾಗಾಗಿ ಹತ್ತಿರಹತ್ತಿರ ಅರ್ಧ ಚೌಕಟ್ಟು ತುಂಬುತ್ತದೆ. ಅದಕ್ಕಿಂತ ಸಮೀಪಕ್ಕೆ ಹೋಗುವ ಅಗತ್ಯವೇ ಇಲ್ಲ.

ಹೊರಡುವ ಮುಂಚೆ

ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿ ಬೇಕು, ಅವರು ತೋರಿಸಿದ ದಾರಿ ಬಿಟ್ಟು ಇಳಿಯುವಂತಿಲ್ಲ. ಹೊರಗಿನ ಮಡ್ಡಿಯಲ್ಲಾದರೆ ಹೊಲದವರನ್ನು ಕೇಳಿ. ಕಡಲೆ ತುಳಿದವರಿಗೆ ಮುಂದಿನ ಸಲ ದಾರಿ ಸಿಗುವುದಿಲ್ಲ.

ಬಟ್ಟೆಯ ವಿಷಯದಲ್ಲಿ ಆನ್‌ಲೈನ್ ಅಂಗಡಿಗಳನ್ನು ನಂಬಬೇಡಿ. ಎಲೆ ಜೋತುಬಿದ್ದ ಹಸಿರು ನೈಲಾನ್ ಸೂಟು ಮಲೆನಾಡಿಗೆ ಸರಿ. ಜನವರಿಯ ಒಣಹುಲ್ಲಿನಲ್ಲಿ ಅದು ಕಡುಬಣ್ಣದ ಪೊದೆಯಾಗಿ ಎದ್ದು ಕಾಣುತ್ತದೆ, ಹೆಜ್ಜೆಹೆಜ್ಜೆಗೂ ಸರಸರ ಎನ್ನುತ್ತದೆ. ಮಾಸಿದ ಕಂದು ಹತ್ತಿಬಟ್ಟೆ ಸಾಕು. ಬಿಳಿ ಬೇಡ, ನೀಲಿಯಂತೂ ಬೇಡವೇ ಬೇಡ: ಗೊರಸಿನ ಪ್ರಾಣಿಗಳಿಗೆ ಕೆಂಪು–ಹಸಿರಿನ ವ್ಯತ್ಯಾಸ ಅಷ್ಟಾಗಿ ತಿಳಿಯದಿದ್ದರೂ ನೀಲಿ ಚೆನ್ನಾಗಿ ಕಾಣುತ್ತದೆ. ಜೀನ್ಸ್ ತೊಟ್ಟು ಬಂದವರು ರಸ್ತೆಯಲ್ಲೇ ಇರುವುದು ಒಳ್ಳೆಯದು. ಮೈಮೇಲೆ ಹೊದೆಯಲು ಕುರಿಗಾಹಿಗಳ ಕರಿ ಕಂಬಳಿ ತೆಗೆದುಕೊಳ್ಳಿ. ಅದು ಈ ಬಯಲಿನ ಚಿಗರಿಗಳಿಗೆ ದಿನವೂ ಕಾಣುವ ವಸ್ತು. ಮನೆಯಲ್ಲಿದೆಯೆಂದು ಸೊಲ್ಲಾಪುರಿ ಚಾದರ ತರಬೇಡಿ, ಅದರ ಬಣ್ಣ ಎರಡು ಹೊಲದಾಚೆಗೂ ಕಾಣುತ್ತದೆ. ಪ್ರಾಣಿಯನ್ನು ಮರುಳುಗೊಳಿಸಲೆಂದು ಮಾರುವ ವಿದೇಶಿ ಜಿಂಕೆಯ ವಾಸನೆಯ ಬಾಟಲಿಗಳಿಗೆ ಇಲ್ಲಿ ಕವಡೆ ಕಿಮ್ಮತ್ತಿಲ್ಲ.

ಕ್ಯಾಮೆರಾದ ಬೀಪ್ ನಿಲ್ಲಿಸಿ, ಶಟರ್ ವೇಗ 1/1000ಕ್ಕೆ ಇಡಿ. ಜಿಗಿತಕ್ಕೆ 1/2000.

ಗಾಳಿ

ಚಿಗರಿ ಮೊದಲು ನಂಬುವುದು ಕಣ್ಣನ್ನು, ಆದರೂ ಹತ್ತಿರದಲ್ಲಿ ಮೂಗು ಕೈಕೊಡುವುದಿಲ್ಲ. ಚಿಟಿಕೆ ವಿಭೂತಿಯನ್ನು ಎದೆಮಟ್ಟದಿಂದ ಉದುರಿಸಿ ನೋಡಿ. ಅದು ನಿಮ್ಮ ಮುಖದ ಕಡೆ ಬರಬೇಕು. ಟಾಲ್ಕಂ ಪೌಡರ್ ಬೇಡ, ಅದೇ ನಾರುತ್ತದೆ.

ಬೆಳಿಗ್ಗೆಯೇ ಹೋಗಬೇಕೆಂಬುದು ರೂಢಿ. ಚಳಿಗಾಲದಲ್ಲಿ ಸಂಜೆಯೇ ಮೇಲು. ಆ ಕಾಲದಲ್ಲಿ ಇಲ್ಲಿ ಗಾಳಿ ಹೆಚ್ಚಾಗಿ ಮೂಡಣದಿಂದ ಬೀಸುತ್ತದೆ. ಗಾಳಿಗೆ ಎದುರಾಗಿ ಹೋದರೆ ಬೆಳಿಗ್ಗೆ ಸೂರ್ಯ ನಿಮ್ಮ ಕಣ್ಣಿಗೇ ಹೊಡೆಯುತ್ತಾನೆ, ಸಂಜೆಯಾದರೆ ಬೆನ್ನಿಗಿರುತ್ತಾನೆ. ನಾಲ್ಕೂವರೆಯಿಂದ ಬೆಳಕು ಇಳಿಯುವವರೆಗಿನ ಹೊತ್ತು ಹಿಡಿಯಿರಿ. ನಡುಹಗಲಲ್ಲಿ ಕಾದ ನೆಲದ ಮೇಲಿನ ಗಾಳಿ ನಡುಗುವುದರಿಂದ ನೂರು ಮೀಟರಿನಾಚೆಯ ಚಿತ್ರ ಎಷ್ಟು ಫೋಕಸ್ ಮಾಡಿದರೂ ಮಸುಕು. ಅದಕ್ಕೂ ಪಾಪದ ಲೆನ್ಸನ್ನೇ ಬಯ್ಯುವುದುಂಟು.

ದೂರದಿಂದ ನೋಡುವುದು

400 ಮೀಟರ್ ದೂರದಲ್ಲೇ ಕೂತು 8×42 ದುರ್ಬೀನಿನಲ್ಲಿ ಕಾಲು ಗಂಟೆ ನೋಡಿ. ಇಪ್ಪತ್ತರ ಹಿಂಡಿನಲ್ಲಿ ಯಾವುದಾದರೂ ಒಂದು ತಲೆ ಮೇಲಿದ್ದೇ ಇರುತ್ತದೆ, ಅಂಥ ಹಿಂಡನ್ನು ಬಿಟ್ಟುಬಿಡಿ. ತನ್ನ ಜಾಗ ಕಾಯುತ್ತ ಒಂಟಿಯಾಗಿ ನಿಂತ ಕರಿ ಗಂಡನ್ನು ಆರಿಸಿ. ಅದು ಒಂದೇ ಕಡೆ ಪದೇಪದೇ ಹಿಕ್ಕೆ ಹಾಕುತ್ತದೆ, ಆ ಗುಡ್ಡೆಗೆ ತಿರುಗಿ ಬರುತ್ತದೆ.

ಕೊನೆಯ ನೂರೈವತ್ತು ಮೀಟರ್

ಹತ್ತರಲ್ಲಿ ಒಂಬತ್ತು ಜನ ಕೆಡಿಸುವುದು ಇಲ್ಲಿಯೇ, ಅದೂ ಒಂದೇ ರೀತಿಯಲ್ಲಿ: ಸೊಂಟ ಬಗ್ಗಿಸಿ, ನೇರ ಪ್ರಾಣಿಯ ಕಡೆಗೆ, ಅದನ್ನೇ ದಿಟ್ಟಿಸುತ್ತ. ಬಗ್ಗಿ ಬರುವ ಮನುಷ್ಯ ಕೆಟ್ಟ ಉದ್ದೇಶದವನೆಂದು ಚಿಗರಿಗೆ ಗೊತ್ತು. ಒಂದೋ ಹೊಲಕ್ಕೆ ಹೊರಟ ರೈತನಂತೆ ನೆಟ್ಟಗೆ ನಡೆಯಿರಿ, ಇಲ್ಲವೇ ಪೂರ್ತಿ ನೆಲಕ್ಕಿಳಿಯಿರಿ. ನಡುವಿನ ಭಂಗಿ ಬೇಡ.

150 ಮೀಟರ್ ದೂರ ಉಳಿಯುವವರೆಗೆ ಬೆನ್ನು ಬಗ್ಗಿಸದೆ, ಅದೂ ಓರೆಯಾಗಿ, ಪ್ರಾಣಿಯನ್ನು ಎಡಕ್ಕೋ ಬಲಕ್ಕೋ ಬಿಟ್ಟು ದಾಟಿಹೋಗುವವರಂತೆ ನಡೆಯಿರಿ. ಥಟ್ಟನೆ ನಿಲ್ಲಬೇಡಿ. ನಡೆಯುವವನನ್ನು ಚಿಗರಿ ಸಹಿಸುತ್ತದೆ, ನಡೆಯುತ್ತಿದ್ದವನು ನಿಂತರೆ ಕಿವಿ ನಿಮಿರಿಸುತ್ತದೆ. ಆದ್ದರಿಂದ ಹೊಲದ ಒಡ್ಡೋ ಜಾಲಿಯ ಮೋಟೋ ನಿಮ್ಮನ್ನು ಮರೆಮಾಡಿದಾಗ ಮಾತ್ರ ನಿಂತು ಕೆಳಗಿಳಿಯಿರಿ. ಹಳ್ಳದ ಒಳಗಿನಿಂದ ಸಾಗಲು ಸಾಧ್ಯವಾದರೆ ಅರ್ಧ ಕೆಲಸ ಮುಗಿಯಿತು.

ಒಡ್ಡಿನ ಮೇಲಿಂದ ಇಣುಕಬೇಡಿ. ಆಕಾಶಕ್ಕೆ ಎದುರಾಗಿ ಮೂಡಿದ ತಲೆ ಎಷ್ಟು ಚಿಕ್ಕದಾದರೂ ಕಾಣುತ್ತದೆ. ಒಡ್ಡು ಮುಗಿಯುವ ತುದಿಗೆ ಹೋಗಿ, ಪಕ್ಕದಿಂದ, ಹುಲ್ಲಿನ ಬುಡದ ಸಂದಿಯಲ್ಲಿ ನೋಡಿ.

ಇನ್ನು ತೆವಳುವುದು. ಕ್ಯಾಮೆರಾವನ್ನು ಮಡಚಿದ ಗೋಣಿಚೀಲದ ಮೇಲಿಟ್ಟು ಒಂದು ಗೇಣು ಮುಂದೆ ಸರಿಸಿ, ಆಮೇಲೆ ಮೊಣಕೈ, ಆಮೇಲೆ ಮೊಣಕಾಲು. ಒಂದು ಸಲಕ್ಕೆ ಎರಡು ಮೀಟರ್, ಹೆಚ್ಚಲ್ಲ. ಗರಸಿನ ನೆಲ ಮೊಣಕಾಲು ಸುಲಿಯುತ್ತದೆ. ಟೈಲ್ಸ್ ಕೆಲಸದವರು ಕಟ್ಟುವ ರಬ್ಬರ್ ಪ್ಯಾಡ್ ಕಟ್ಟಿಕೊಳ್ಳಿ. ಕಲ್ಲಿನ ಸಂದಿಗೆ ಕಣ್ಣಿಗೆ ಬೀಳುವ ಮೊದಲೇ ಕೈ ಹಾಕಬೇಡಿ. ಇದು ಗರಗಸ ಮಂಡಲದ ಹಾವಿನ ನೆಲ.

ಯಾವಾಗ ಸರಿಯಬೇಕು? ತಲೆ ತಗ್ಗಿದಾಗ ಎಂದು ಎಲ್ಲರೂ ಹೇಳುತ್ತಾರೆ. ಅಷ್ಟೇ ಸಾಲದು. ಚಿಗರಿಯ ಕಣ್ಣು ತಲೆಯ ಪಕ್ಕಕ್ಕಿದೆ, ಮೇಯುತ್ತಲೇ ಅದು ಅಕ್ಕಪಕ್ಕ ನೋಡಬಲ್ಲದು. ಪೃಷ್ಠ ನಿಮ್ಮ ಕಡೆಗಿರಬೇಕು, ಇಲ್ಲವೇ ಹುಲ್ಲು ಅದರ ಕಣ್ಣನ್ನು ಮುಚ್ಚಿರಬೇಕು. ತಲೆ ತಗ್ಗಿದ ಕೂಡಲೇ ಹೊರಡಲೂ ಬೇಡಿ, ಅನುಮಾನ ಬಂದದ್ದು ಥಟ್ಟನೆ ಮತ್ತೆ ಎತ್ತುತ್ತದೆ. ಎರಡು ಬಾಯಿ ಹುಲ್ಲು ಕಿತ್ತ ಮೇಲೆ ಸರಿಯಿರಿ.

ತಲೆಯೆತ್ತಿ ಕಿವಿ ಮುಂದಕ್ಕೆ ತಿರುಗಿಸಿತೇ? ಇದ್ದಲ್ಲೇ ಇರಿ, ಕ್ಯಾಮೆರಾ ಎತ್ತುವ ಆಸೆಯನ್ನೂ ತಡೆಯಿರಿ. ಐದು ನಿಮಿಷವಾದರೂ ಸರಿ. ಮುಂಗಾಲಿನಿಂದ ನೆಲ ಒದೆಯಿತೇ? ಮುಖ ಕೆಳಗೆ ಮಾಡಿ ಇನ್ನೂ ಕಾಯಿರಿ. ಒಂದು ನೆಟ್ಟಗೆ ಮೇಲಕ್ಕೆ ಹಾರಿತೆಂದರೆ ಆ ಸಂಜೆಯ ಕೆಲಸ ಮುಗಿದಂತೆ, ಹಿಂದೆ ಬೀಳಬೇಡಿ. ಜಿಗಿತದ ಚಿತ್ರಕ್ಕಾಗಿ ಬೈಕಿನಲ್ಲೋ ಜೀಪಿನಲ್ಲೋ ಅಟ್ಟುವವರಿದ್ದಾರೆ. ಕಾಯ್ದೆಯ ಪ್ರಕಾರ ಪ್ರಾಣಿಯನ್ನು ಅಟ್ಟುವುದೂ ಬೇಟೆಯೇ.

ಚಿಗರಿಗಿಂತ ಮೊದಲು ನಿಮ್ಮನ್ನು ಹಿಡಿದುಕೊಡುವುದು ಟಿಟ್ಟಿಭ ಹಕ್ಕಿ. ಅದು ತಲೆಯ ಮೇಲೆ ಸುತ್ತಿ ಕಿರುಚತೊಡಗಿದರೆ ಹತ್ತಿರದಲ್ಲಿ ಮೊಟ್ಟೆ ಇರಬಹುದು. ಅಲ್ಲಿ ಹಟ ಹಿಡಿಯದೆ ದೊಡ್ಡ ಸುತ್ತು ಹಾಕಿ.

ತೆವಳಲಾರದವರಿಗೆ, ನಿಜ ಹೇಳಬೇಕೆಂದರೆ ಎಲ್ಲರಿಗೂ, ಸುಲಭದ ದಾರಿ ಇನ್ನೊಂದಿದೆ. ಗಂಡು ಅತ್ತ ಹೋದಾಗ ಹಿಕ್ಕೆಯ ಗುಡ್ಡೆಯಿಂದ 60 ಮೀಟರ್ ದೂರದಲ್ಲಿ, ಗಾಳಿ ಮುಖಕ್ಕೆ ಬರುವ ಕಡೆ ಕಂಬಳಿ ಹೊದ್ದು ಕೂತುಬಿಡಿ. ಒಂದು ಗಂಟೆ ಅಲ್ಲಾಡದೆ ಕೂರುವವರಿಗೆ ತೆವಳುವವರಿಗಿಂತ ಒಳ್ಳೆಯ ಚಿತ್ರ ಸಿಗುತ್ತದೆ, ಯಾಕೆಂದರೆ ಅದು ತಾನಾಗಿ ಎದುರು ಮುಖ ಮಾಡಿ ಬರುತ್ತದೆ.

ಹಿಂದಿರುಗುವುದು

ಚಿತ್ರ ಸಿಕ್ಕಿತೆಂದು ಎದ್ದು ನಿಲ್ಲಬೇಡಿ. ಬಂದ ಹಾಗೆಯೇ ಹಿಂದಕ್ಕೆ ಸರಿದು, ಒಡ್ಡಿನ ಮರೆಯಲ್ಲಿ ಏಳಿ. ಎದ್ದು ಓಡಿಸಿದರೆ ಮರುದಿನ ಅದೇ ಗಂಡು ನಿಮ್ಮನ್ನು 300 ಮೀಟರಿನಲ್ಲೇ ಗುರುತು ಹಿಡಿಯುತ್ತದೆ. ದಾರಿಯಲ್ಲಿ ಹುಲ್ಲಿನಲ್ಲಿ ಮುದುಡಿ ಮಲಗಿದ ಮರಿ ಸಿಕ್ಕರೆ ತಾಯಿ ಬಿಟ್ಟುಹೋಗಿದೆ ಎಂದು ಎತ್ತಿಕೊಳ್ಳಬೇಡಿ, ಚಿತ್ರಕ್ಕೂ ನಿಲ್ಲಬೇಡಿ. ತಾಯಿ ಅದನ್ನು ಅಡಗಿಸಿಟ್ಟು ಮೇಯಲು ಹೋಗಿರುತ್ತದೆ, ನೀವು ದೂರವಾಗುವವರೆಗೆ ಹತ್ತಿರ ಬರುವುದಿಲ್ಲ.