ಹಳೆ ಆಕ್ಸಿಜನ್ ಎಲೆಕ್ಟ್ರೋಡಿನಲ್ಲಿ ಟಿ ಸೆಲ್ ಉಸಿರಾಟ ಅಳೆದದ್ದು: ನನ್ನ ಅನುಭವ

ಸೆಲ್‌ಗಳ ಉಸಿರಾಟ ಅಳೆಯುವ ಸೀಹಾರ್ಸ್ ಮೆಷಿನ್ ಇಲ್ಲದೆ ಟಿ ಸೆಲ್‌ಗಳ (ಸೋಂಕು, ಕ್ಯಾನ್ಸರ್ ವಿರುದ್ಧ ಕಾದುವ ಬಿಳಿ ರಕ್ತಕಣಗಳು) ಮೈಟೊಕಾಂಡ್ರಿಯಾ (ಆಮ್ಲಜನಕ ಬಳಸಿ ಸೆಲ್‌ಗೆ ಶಕ್ತಿ ತಯಾರಿಸುವ ಭಾಗ) ಶಕ್ತಿ ಅಳೆಯುತ್ತೇನೆ ಅಂದಾಗ ಮಂಗಳೂರು ಬಳಿಯ ದೇರಳಕಟ್ಟೆಯ ನಮ್ಮ ವಲಯದಲ್ಲಿ ಯಾರೂ ನಂಬಲಿಲ್ಲ. "ಎಂತ ಮಾರಾಯ್ರೆ, ಎಲೆ, ಪಾಚಿ ಅಳೆಯುವ ಎಲೆಕ್ಟ್ರೋಡ್ ಅದು. ಅದರಲ್ಲಿ ಇಮ್ಯುನಾಲಜಿ ಮಾಡ್ತೀರಾ?" ಎಂದು ಹಿರಿಯರೊಬ್ಬರು ಕೇಳಿದ್ದರು. ಈಗ ಅದೇ ಎಲೆಕ್ಟ್ರೋಡಿನ ಗ್ರಾಫ್ ವಾರ ವಾರವೂ ಒಂದೇ ರೀತಿ ಬರುತ್ತಿದೆ. ನೋಡಿದವರು ಪ್ರೋಟೋಕಾಲ್ ಕೇಳುತ್ತಿದ್ದಾರೆ.

ಸೀಹಾರ್ಸ್ ಕೊಟೇಶನ್ ಕೋಟಿ ಲೆಕ್ಕದಲ್ಲಿತ್ತು, ಪ್ಲೇಟಿನ ಖರ್ಚು ಬೇರೆ. ನಮ್ಮದು ಸಸ್ಯಶಾಸ್ತ್ರದವರು ಮೂಲೆಗೆ ಹಾಕಿದ್ದ ಕ್ಲಾರ್ಕ್ ಎಲೆಕ್ಟ್ರೋಡ್, ಚೇಂಬರಿನ ದ್ರವದಲ್ಲಿ ಆಮ್ಲಜನಕ ಎಷ್ಟು ಇಳಿಯುತ್ತದೆ ಅಂತ ತೋರಿಸುವ ಸಾಧನ. ಆ ದ್ರವ ಕದಡುವ ಸ್ಟಿರರ್ ಮೋಟರನ್ನು ಹಂಪನಕಟ್ಟೆ ಬಳಿಯ ಟಿವಿ ರಿಪೇರಿಯವರು ಆರೇಳು ನೂರಕ್ಕೆ ಸರಿ ಮಾಡಿಕೊಟ್ಟರು. ಬೆಳ್ಳಿ ಆನೋಡ್ ಕಪ್ಪಾಗಿತ್ತು, ಉಜ್ಜಿ ಹೊಳೆಯಿಸಿದೆ. ನಿಜವಾಗಿ ದುಡ್ಡು ತಿಂದದ್ದು ಐಎಲ್-15, ಟಿ ಸೆಲ್‌ಗಳನ್ನು ಬೆಳೆಸಲು ಹಾಕುವ ಪ್ರೋಟೀನ್. ಸಣ್ಣ ವಯಲ್‌ಗೆ ಇಪ್ಪತ್ತು ಸಾವಿರದ ಮೇಲಿತ್ತು. ಒಮ್ಮೆ ಪಾರ್ಸೆಲ್ ಶನಿವಾರ-ಭಾನುವಾರ ಎಲ್ಲೋ ಸಿಕ್ಕಿಬಿದ್ದು, ಐಸ್ ಪೂರ್ತಿ ಕರಗಿ ಬಂತು. ಮರಳಿ ಹಣ ಬರಲಿಲ್ಲ.

ನನಗೆ ಬೇಕಿದ್ದದ್ದು ಸ್ಪೇರ್ ಕೆಪಾಸಿಟಿ, ಅಂದರೆ ಸೆಲ್ಲಿನ ಉಸಿರಾಟದ ಮೀಸಲು ಶಕ್ತಿ. ಮೈಟೊಕಾಂಡ್ರಿಯಾವನ್ನು ಪೂರ್ತಿ ವೇಗದಲ್ಲಿ ಓಡಿಸುವ ಎಫ್‌ಸಿಸಿಪಿ ಎಂಬ ರಾಸಾಯನಿಕ ಹಾಕಿದಾಗ ಉಸಿರಾಟ ಎಷ್ಟು ಮೇಲೇರುತ್ತದೆ, ಅಷ್ಟೇ. ಗಡ್ಡೆಯೊಳಗೆ ಕ್ಯಾನ್ಸರ್ ಸೆಲ್‌ಗಳು ಗ್ಲೂಕೋಸನ್ನೆಲ್ಲ ನುಂಗಿ ಲ್ಯಾಕ್ಟಿಕ್ ಆಮ್ಲ ಹೊರಹಾಕುತ್ತವೆ. ಅಂಥ ಜಾಗದಲ್ಲಿ ಮೀಸಲು ಶಕ್ತಿ ಇಲ್ಲದ ಟಿ ಸೆಲ್ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಮೈಟೊಕಾಂಡ್ರಿಯಾ ಕುಸಿದ ಮೇಲೆ ಟಿ ಸೆಲ್‌ಗೆ ಬ್ರೇಕ್ ಹಾಕುವ ಪಿಡಿ-1 ಪ್ರೋಟೀನನ್ನು ತಡೆದರೂ ಆ ಸೆಲ್ ಎದ್ದು ಕಾದುವುದು ಕಷ್ಟ.

ಮೊದಲ ತಿಂಗಳುಗಳ ಗ್ರಾಫ್ ಬಲು ಚೆಂದ ಇತ್ತು. ಆದರೆ ಒಬ್ಬ ದಾನಿಯಿಂದ ಇನ್ನೊಬ್ಬರಿಗೆ ಹೋಲಿಕೆಯೇ ಇಲ್ಲ. ಮೈಕ್ರೋಸ್ಕೋಪ್ ಕೆಳಗೆ ನೋಡಿದರೆ ಟಿ ಸೆಲ್‌ಗಳ ಸುತ್ತ ಚುಕ್ಕಿ ಚುಕ್ಕಿ ಪ್ಲೇಟ್‌ಲೆಟ್. ಅವಕ್ಕೂ ಮೈಟೊಕಾಂಡ್ರಿಯಾ ಇವೆ, ಅವೂ ಉಸಿರಾಡುತ್ತವೆ ಅಲ್ವಾ! ಫಿಕೋಲ್ ದ್ರವದಲ್ಲಿ ರಕ್ತದಿಂದ ಬಿಳಿ ಕಣ ಬೇರ್ಪಡಿಸಿ ಆದಮೇಲೆ, ಪ್ಲೇಟ್‌ಲೆಟ್ ಹೋಗಲಿ ಅಂತ 120-ಜಿ (ಗುರುತ್ವದ 120 ಪಟ್ಟು) ಆಸುಪಾಸಿನಲ್ಲಿ ನಿಧಾನ ಸ್ಪಿನ್ ಎರಡು ಮೂರು ಸಲ ಕೊಟ್ಟೆ. ಅಲ್ಲಿಂದ ಅಂಕಿಗಳು ಸಾಲಿಗೆ ಬಂದವು.

ಆಮೇಲಿನ ಕಾಟ ಆಂಟಿಮೈಸಿನ್‌ನದ್ದು, ಮೈಟೊಕಾಂಡ್ರಿಯಾದ ಉಸಿರಾಟ ನಿಲ್ಲಿಸಲು ಹಾಕುವ ರಾಸಾಯನಿಕ. ಅದು ಚೇಂಬರಿನ ಗೋಡೆಗೆ, ಸ್ಟಿರ್ ಬಾರಿಗೆ ಅಂಟಿ ಕೂರುತ್ತದೆ. ನೀರಿನಲ್ಲಿ ಎಷ್ಟು ತೊಳೆದರೂ ಮುಂದಿನ ಸ್ಯಾಂಪಲ್ ಶುರುವಿನಿಂದಲೇ ಉಸಿರು ಕಟ್ಟಿದ ಹಾಗೆ ಮಲಗಿರುತ್ತದೆ. ಎಥನಾಲಿನಲ್ಲಿ ನೆನೆಸಿ ತೊಳೆಯಲೇಬೇಕು. ಅದರ ಮೇಲೆ ಇನ್ನೊಂದು ಕೊನೆಯ ತೊಳೆತ ಇದೆ. ಅದರಲ್ಲಿ ಏನು ಹಾಕುತ್ತೇನೆ ಅಂತ ಇಲ್ಲಿ ಬರೆಯುವುದಿಲ್ಲ, ಲ್ಯಾಬಿಗೆ ಬಂದವರಿಗೆ ತೋರಿಸುತ್ತೇನೆ. ಎಫ್‌ಸಿಸಿಪಿಯನ್ನಂತೂ ಪ್ರತಿ ದಾನಿಗೂ ಹೊಸದಾಗಿ ಸ್ವಲ್ಪ ಸ್ವಲ್ಪವೇ ಏರಿಸಿ ನೋಡಬೇಕು. ಜಾಸ್ತಿಯಾದರೆ ಗ್ರಾಫ್ ಏರುವ ಬದಲು ಬಿದ್ದುಹೋಗುತ್ತದೆ.

ಒಂದು ಮಿಲಿಗೆ ಸುಮಾರು ಒಂದು ಕೋಟಿ ಸೆಲ್ ಹಾಕುತ್ತೇನೆ. ಅದೇ ಬಗೆಯ ಇನ್ನೊಂದು ಪ್ರೋಟೀನ್ ಐಎಲ್-2ರಲ್ಲಿ ಬೆಳೆದವಕ್ಕಿಂತ ಐಎಲ್-15ರಲ್ಲಿ ಬೆಳೆದವುಗಳ ಮೀಸಲು ಹೆಚ್ಚುಕಡಿಮೆ ಎರಡು ಪಟ್ಟು. ಇಲಿಯ ಮೆಮೊರಿ (ಹಳೆ ಸೋಂಕನ್ನು ನೆನಪಿಟ್ಟುಕೊಳ್ಳುವ) ಟಿ ಸೆಲ್‌ಗಳಲ್ಲಿ ಇದನ್ನು 2012ರಲ್ಲೇ ತೋರಿಸಿದ್ದಾರೆ. ಇಲ್ಲಿ ನಮ್ಮೂರ ದಾನಿಗಳ ರಕ್ತದಲ್ಲಿ, ಗುಜರಿಗೆ ಹೋಗಬೇಕಿದ್ದ ಯಂತ್ರದಲ್ಲಿ ಕಂಡದ್ದು ನನಗೆ ದೊಡ್ಡ ಖುಷಿ. ಟಿ ಸೆಲ್‌ಗಳನ್ನು ಕೆರಳಿಸಲು ಹಾಕುವ ಸಿಡಿ3/ಸಿಡಿ28 ಬೀಡ್ಸ್ ತೆಗೆಯದೆ ಹಾಗೇ ಬಿಟ್ಟರೆ ಮೀಸಲು ಕರಗುತ್ತಾ ಹೋಗುತ್ತದೆ, ಹೋರಾಡುವಾಗ ಟಿ ಸೆಲ್ ಹೊರಬಿಡುವ ಇಂಟರ್‌ಫೆರಾನ್ ಗಾಮಾ ಕೂಡ ಅದರ ಹಿಂದೆಯೇ ಇಳಿಯುತ್ತದೆ.

ಮಧ್ಯೆ ಗ್ಲೂಕೋಸ್ ಬದಲು ಗ್ಯಾಲಕ್ಟೋಸ್ ಕೊಟ್ಟು ನೋಡಿದೆ, ಆ ಸಕ್ಕರೆಯಲ್ಲಿ ಸೆಲ್‌ಗಳು ಶಕ್ತಿಗೆ ಮೈಟೊಕಾಂಡ್ರಿಯಾವನ್ನೇ ನೆಚ್ಚಬೇಕು. ಸೆಲ್‌ಗಳು ಬದುಕಿದವು, ಇಂಟರ್‌ಫೆರಾನ್ ಮಾತ್ರ ತೀರಾ ಕಡಿಮೆ. ಮೈಟೊಕಾಂಡ್ರಿಯಾ ಒಂದೇ ಸಾಲದು, ಹೋರಾಟದ ಹೊತ್ತಿಗೆ ಗ್ಲೈಕಾಲಿಸಿಸ್ (ಆಮ್ಲಜನಕವಿಲ್ಲದೆಯೂ ಗ್ಲೂಕೋಸ್ ಒಡೆದು ಶಕ್ತಿ ತೆಗೆಯುವ ದಾರಿ) ಕೂಡ ಬೇಕು. ಪುನರ್ಪುಳಿಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲವನ್ನೂ ಹಾಕಿ ನೋಡಿದೆ. ಅದು ಸೆಲ್ಲಿನೊಳಗೆ ಕೊಬ್ಬು ತಯಾರಿಸಲು ಬೇಕಾದ ಎಟಿಪಿ ಸಿಟ್ರೇಟ್ ಲಯೇಸ್ ಕಿಣ್ವವನ್ನು ತಡೆಯುತ್ತದಲ್ಲ, ಆ ಕುತೂಹಲ. ಒಂದು ವಾರ ಹಾಗೆ, ಇನ್ನೊಂದು ವಾರ ಹೀಗೆ. ಬಿಟ್ಟುಬಿಟ್ಟೆ. ಪುನರ್ಪುಳಿ ಶರಬತ್ತು ಕುಡಿದರೆ ಕ್ಯಾನ್ಸರ್ ಹೋಗುತ್ತದಾ ಎಂದು ಕೇಳುವ ರೋಗಿಗಳ ಮನೆಯವರಿಗೆ ನೇರವಾಗಿ ಇಲ್ಲ ಅನ್ನಿ. ಅವರನ್ನು ಸುಮ್ನೆ ಆಸೆಯಲ್ಲಿ ಇಡಬೇಡಿ.

ಮುಂದೆ ರೋಗಿಗಳ ಸ್ಯಾಂಪಲ್. ಕೀಮೋ ಆಗುತ್ತಿರುವವರಿಂದ ಹತ್ತು ಮಿಲಿಗಿಂತ ಜಾಸ್ತಿ ರಕ್ತ ಕೇಳಲು ಮನಸ್ಸು ಬರುವುದಿಲ್ಲ, ಅಷ್ಟರಲ್ಲಿ ಒಂದು ಕೋಟಿ ಟಿ ಸೆಲ್ ಸಿಗುವುದೂ ಇಲ್ಲ. ಅದಕ್ಕೇ ಚೇಂಬರಿನ ಪ್ಲಂಜರ್ ಕೆಳಗಿಳಿಸಿ ಅರ್ಧ ಮಿಲಿಯಲ್ಲಿ ಓಡಿಸುತ್ತಿದ್ದೇನೆ. ಸ್ಟಿರ್ ಬಾರ್ ತಾಗದಷ್ಟು ಜಾಗ ಈಗ ಸಿಕ್ಕಿದೆ.