ಬೇರ್ಡ್‌ನ ಕಥೆಯನ್ನು ನಾನು ಸೆರೆಯಿಂದ ಆರಂಭಿಸುತ್ತೇನೆ

ಶ್ರೀರಂಗಪಟ್ಟಣ ನೋಡಲು ಬರುವವರಿಗೆ ಸ್ಥಳ ತೋರಿಸಿ ಇತಿಹಾಸ ಹೇಳುವುದು ನನ್ನ ಕೆಲಸ. ಮೊದಲೆಲ್ಲ ಬ್ರಿಟಿಷ್ ಸೇನೆಯ ಜನರಲ್ ಡೇವಿಡ್ ಬೇರ್ಡ್‌ನ ಮಾತು ತೆಗೆಯುತ್ತಿದ್ದುದೇ ಟಿಪ್ಪುವಿನ ಕೋಟೆ ಒಡೆದ ಜಾಗದಲ್ಲಿ. 1799ರ ಮೇ 4, ಮಧ್ಯಾಹ್ನ ಒಂದು ಗಂಟೆ, ಕತ್ತಿ ಹಿರಿದು ಸೈನ್ಯದ ಮುಂದೆ ನುಗ್ಗಿದವನು ಇವನು ಎನ್ನುತ್ತಿದ್ದೆ. ಕೇಳಿದವರು ತಲೆಯಾಡಿಸಿ ಮುಂದೆ ಹೋಗುತ್ತಿದ್ದರು.

ಒಂದು ದಿನ ಶಾಲೆಯ ಹುಡುಗಿಯೊಬ್ಬಳು, "ಸರ್, ಅವನು ಈ ಊರನ್ನು ಮೊದಲೇ ನೋಡಿದ್ದನೇ?" ಎಂದು ಕೇಳಿದಳು. ನೋಡಿದ್ದ, ಕಾಲಿಗೆ ಸಂಕೋಲೆ ಹಾಕಿಸಿಕೊಂಡು! ಇಷ್ಟು ದೊಡ್ಡ ಸಂಗತಿಯನ್ನು ನಾನು ಹೇಳದೆ ಬಿಡುತ್ತಿದ್ದೆ. ಮರುದಿನವೇ ನಡಿಗೆಯ ದಾರಿ ಬದಲಿಸಿದೆ.

ಈಗ ಮೊದಲು ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್. ಪಶ್ಚಿಮದ ಗೋಡೆಯಲ್ಲಿ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚುತ್ತಿರುವ, ಸೋತ ಬ್ರಿಟಿಷ್ ಪಡೆಯ ನಾಯಕ ಕರ್ನಲ್ ಬೈಲಿಯನ್ನು ಮಕ್ಕಳೇ ಹುಡುಕಿ ತೋರಿಸುತ್ತಾರೆ. 1780ರ ಸೆಪ್ಟೆಂಬರ್ 10ರಂದು, ಕಾಂಚೀಪುರದ ಬಳಿ, ಹೈದರ್ ಮತ್ತು ಟಿಪ್ಪು ಸೇರಿ ನುಚ್ಚುನೂರು ಮಾಡಿದ ಆ ಪಡೆಯಲ್ಲಿ ಇಪ್ಪತ್ತೆರಡು ವರ್ಷದ ಕ್ಯಾಪ್ಟನ್ ಬೇರ್ಡ್ ಕೂಡ ಇದ್ದ. ಸ್ಕಾಟ್‌ಲೆಂಡಿನಿಂದ ಬಂದು ವರ್ಷವೂ ತುಂಬಿರಲಿಲ್ಲ. ಮೈತುಂಬ ಗಾಯಗಳೊಂದಿಗೆ ಸೆರೆಸಿಕ್ಕ.

ಅಲ್ಲಿಂದ ಬೈಲಿ ಬಂದೀಖಾನೆ. ಬೇರ್ಡ್‌ನನ್ನು ಇದೇ ಕೋಣೆಯಲ್ಲಿ ಇಟ್ಟಿದ್ದರೆಂದು ನಾನು ಹೇಳುವುದಿಲ್ಲ. ಗೋಡೆಯಿಂದ ಚಾಚಿದ, ತೂತಿರುವ ಕಲ್ಲುಚಪ್ಪಡಿಗಳನ್ನು ಮುಟ್ಟಿ ನೋಡಲು ಹೇಳಿ, ಸ್ವಲ್ಪ ಹೊತ್ತು ಸುಮ್ಮನಿರುತ್ತೇನೆ. ಆಮೇಲೆ ಜೊತೆಯ ಸೆರೆಯಾಳು ಕ್ಯಾಪ್ಟನ್ ಲೂಕಾಸ್‌ನ ಪ್ರಸಂಗ: ಗಾಯ ಮಾಯದ ಬೇರ್ಡ್‌ನ ಕಾಲಿಗೆ ಸಂಕೋಲೆ ತೊಡಿಸಲು ಬಂದಾಗ, ಅವನ ಪಾಲಿನದನ್ನೂ ತನಗೇ ಹಾಕಿ ಎಂದು ಲೂಕಾಸ್ ಮುಂದೆ ಬಂದನಂತೆ. ನೂರಾರು ಸಲ ಹೇಳಿದ್ದರೂ ಇಲ್ಲಿ ನನ್ನ ಗಂಟಲು ಕಟ್ಟುತ್ತದೆ. ಬೈಲಿ ಸೆರೆಯಲ್ಲೇ ಸತ್ತ. ಬೇರ್ಡ್‌ಗೆ ಬಿಡುಗಡೆಯಾದದ್ದು 1784ರಲ್ಲಿ, ಟಿಪ್ಪು ಮತ್ತು ಬ್ರಿಟಿಷರ ನಡುವಿನ ಮಂಗಳೂರು ಒಪ್ಪಂದದ ಬಳಿಕ.

ಇಷ್ಟಾದ ಮೇಲೆಯೇ ಕೋಟೆ ಒಡೆದ ಜಾಗ. ದಾಳಿಯ ನೇತೃತ್ವವನ್ನು ಅವನೇ ಕೇಳಿ ಪಡೆದನೆಂದಾಗ ಜನರ ಮುಖ ಬೇರೆಯಾಗುತ್ತದೆ. ಮಳೆಗಾಲಕ್ಕೆ ಮುಂಚೆ ಕಾವೇರಿಯಲ್ಲಿ ನೀರು ಇಳಿದಿತ್ತು. ಕಾವಲಿನವರು ಉಂಡು ವಿರಮಿಸುವ ಹೊತ್ತನ್ನೇ ಬ್ರಿಟಿಷರು ದಾಳಿಗೆ ಆರಿಸಿಕೊಂಡಿದ್ದರು.

"ಹಾಗಾದರೆ ಸೇಡು ತೀರಿಸಿಕೊಂಡ" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆಗ ಅವರನ್ನು ಅರಮನೆಯ ಅಡಿಪಾಯದ ಹತ್ತಿರ ಕರೆದೊಯ್ಯುತ್ತೇನೆ. ಇಲ್ಲಿ ಶರಣಾದ ಟಿಪ್ಪುವಿನ ಮಕ್ಕಳಿಗೆ ಬೇರ್ಡ್ ಪ್ರಾಣಭಯವಿಲ್ಲವೆಂದು ಮಾತು ಕೊಟ್ಟ, ಉಳಿಸಿಕೊಂಡ. ಅದೇ ರಾತ್ರಿ ಕೋಟೆಬಾಗಿಲೊಂದರ ಬಳಿ ಹೆಣಗಳ ರಾಶಿಯಲ್ಲಿ ಟಿಪ್ಪುವಿನ ದೇಹ ಸಿಕ್ಕಿತು. ಊರು ಮಾತ್ರ ಲೂಟಿಯಾಯಿತು; ಅದನ್ನು ಮುಚ್ಚಿಡುವುದು ನನಗೆ ಸರಿ ಕಾಣುವುದಿಲ್ಲ.

ಗೆದ್ದ ಕೋಟೆಯ ಅಧಿಕಾರ ಬೇರ್ಡ್‌ಗೆ ದಕ್ಕಲಿಲ್ಲ, ಅವನಿಗಿಂತ ಕಿರಿಯ ಆರ್ಥರ್ ವೆಲ್ಲೆಸ್ಲಿಗೆ ಹೋಯಿತು. ಆ ನೋವು ಅವನಲ್ಲಿ ಬಹುಕಾಲ ಉಳಿಯಿತು. 1801ರಲ್ಲಿ ಈಜಿಪ್ಟ್‌ ಮತ್ತು 1806ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ನ ದಂಡಯಾತ್ರೆಗಳು, 1809ರಲ್ಲಿ ಸ್ಪೇನಿನ ಕೊರುನ್ನಾ ಯುದ್ಧದಲ್ಲಿ ಎಡಗೈ ಹೋದದ್ದು, 1829ರಲ್ಲಿ ಸಾವು: ಇವನ್ನೆಲ್ಲ ಬಸ್ ನಿಲ್ದಾಣದತ್ತ ನಡೆಯುತ್ತಲೇ ಹೇಳಿ ಮುಗಿಸುತ್ತೇನೆ.